ಮಗನಿಗೆ ಶಾಲೆಯಲ್ಲಿ ‘ರಿಮೆಂಬರ್ ದ ಟೈಟನ್ಸ್’ ಸಿನಿಮಾ ಬಗ್ಗೆ ಬರೆಯಲು ಹೇಳಿದ್ದಾರೆ. ಹೇಗೆ ಸಹಾಯ ಮಾಡಲಿ?

ಅಮೆರಿಕಕ್ಕೆ ಬಂದು ಒಂದು ವರ್ಷ ಆಯಿತು, ಎಂಟನೇ ಕ್ಲಾಸಿನ ಮಗನಿಗೆ ಈ ಸಿನಿಮಾ ತೋರಿಸಿ ವರ್ಣಭೇದ ಮತ್ತು ಟೀಮ್‌ವರ್ಕ್ ಬಗ್ಗೆ ಪ್ರಬಂಧ ಕೇಳಿದ್ದಾರೆ ಅಂತ ಬರೆದಿದ್ದೀರಿ. ‘ಒಗ್ಗಟ್ಟಿನಲ್ಲಿ ಬಲವಿದೆ’ ಅನ್ನುವುದು ಬಿಟ್ಟರೆ ಅವನಿಗೆ ಏನೂ ಹೊಳೆಯುತ್ತಿಲ್ಲ, ನಿಮಗೆ ಅದರಲ್ಲಿರುವ ಅಮೆರಿಕನ್ ಫುಟ್‌ಬಾಲ್ ಆಟವೇ ಅರ್ಥವಾಗುವುದಿಲ್ಲ. ಜೊತೆಗೆ, ತೋರಿಸಿದ್ದೆಲ್ಲ ನಿಜವಾ ಅಂತಲೂ ಕೇಳಿದ್ದೀರಿ. ನಾನು ವರ್ಜೀನಿಯಾದಲ್ಲಿ ಮಿಡ್ಲ್ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತೇನೆ. ಈ ಸಿನಿಮಾವನ್ನು ಮಕ್ಕಳ ಜೊತೆ ಕೂತು ಬಹಳ ಸಲ ನೋಡಿದ್ದೇನೆ. ನನಗೆ ಇಷ್ಟವಾದ ಸಿನಿಮಾ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಕಪ್ಪು, ಬಿಳಿ ಹುಡುಗರನ್ನು ಒಟ್ಟಿಗೆ ಸೇರಿಸಿದ ‘ಟೈಟನ್ಸ್’ ಅನ್ನುವ ಹೈಸ್ಕೂಲ್ ಟೀಮಿನ ಕಥೆ ಇದು. ಮೊದಲು ಆಟ. ಎಲ್ಲಾ ನಿಯಮ ಕಲಿಯುವ ಅಗತ್ಯ ಇಲ್ಲ. ‘ಬ್ಲಾಕ್’ ಅಂದರೆ ಏನು ಅಂತ ಗೊತ್ತಾದರೆ ಸಾಕು. ಒಂದು ಕಡೆ ಹನ್ನೊಂದು ಜನ. ಚೆಂಡು ಕ್ವಾರ್ಟರ್‌ಬ್ಯಾಕ್ ಕೈಗೆ ಬರುತ್ತದೆ. ಅವನು ಅದನ್ನು ಎಸೆಯಬೇಕು, ಇಲ್ಲವೇ ಓಡುವವನ ಕೈಗೆ ಕೊಡಬೇಕು. ಅವನನ್ನು ಕೆಡವಲು ಎದುರಾಳಿಗಳು ನುಗ್ಗಿ ಬರುತ್ತಾರೆ. ಅವರನ್ನು ಮೈಯಡ್ಡ ಹಾಕಿ ತಡೆಯುವುದೇ ಬ್ಲಾಕ್. ತಡೆಯುವವರ ಹೆಸರು ಪೇಪರಿನಲ್ಲಿ ಬರುವುದಿಲ್ಲ, ಸ್ಕೋರ್ ಬೋರ್ಡಿನಲ್ಲೂ ಇರುವುದಿಲ್ಲ. ಆದರೆ ಅವರು ನಿಲ್ಲದಿದ್ದರೆ ಆಟವೇ ಇಲ್ಲ. ಕಬಡ್ಡಿಯಲ್ಲಿ ಸರಪಳಿ ಹಿಡಿದವರ ಪೈಕಿ ಒಬ್ಬ ಕೈ ಸಡಿಲ ಬಿಟ್ಟರೆ ರೈಡರ್ ತಪ್ಪಿಸಿಕೊಂಡು ಹೋಗುತ್ತಾನಲ್ಲ, ಹಾಗೆ. ಮತ್ತು ಅವನು ಬೇಕಂತಲೇ ಬಿಟ್ಟನೋ ಜಾರಿತೋ ಅಂತ ಹೊರಗಿನವರಿಗೆ ತಿಳಿಯುವುದೇ ಇಲ್ಲ.

ನನ್ನ ಪ್ರಕಾರ ಇಡೀ ಸಿನಿಮಾ ನಿಂತಿರುವುದು ಇದರ ಮೇಲೆ. ಟ್ರೈನಿಂಗ್ ಕ್ಯಾಂಪಿನಲ್ಲಿ ಬಿಳಿಯರ ನಾಯಕ ಗೆರಿ ಬರ್ಟಿಯರ್, ಕಪ್ಪು ಹುಡುಗ ಜೂಲಿಯಸ್ ಕ್ಯಾಂಪ್‌ಬೆಲ್‌ನನ್ನು ಬೈಯುತ್ತಾನೆ: ಇಷ್ಟು ಪ್ರತಿಭೆ ಇಟ್ಟುಕೊಂಡು ನೀನು ನಿನಗೋಸ್ಕರ ಮಾತ್ರ ಆಡುತ್ತೀಯ ಅಂತ. ಜೂಲಿಯಸ್ ತಿರುಗಿಸಿ ಕೇಳುತ್ತಾನೆ: ನೀನು ಕ್ಯಾಪ್ಟನ್ ಅಲ್ವಾ? ನಮ್ಮ ಕ್ವಾರ್ಟರ್‌ಬ್ಯಾಕ್ ರೆವ್‌ಗೆ ನಿನ್ನ ಬಿಳಿ ಗೆಳೆಯರು ಸರಿಯಾಗಿ ಬ್ಲಾಕ್ ಮಾಡುತ್ತಿಲ್ಲ, ಅದು ನಿನಗೂ ಗೊತ್ತು. ಅವರಿಗೆ ಯಾಕೆ ಹೇಳುತ್ತಿಲ್ಲ? ಗೆರಿ ಹತ್ತಿರ ಉತ್ತರ ಇಲ್ಲ.

ಈ ಒಂದು ದೃಶ್ಯವನ್ನು ಮಗನ ಜೊತೆ ಮತ್ತೆ ಮತ್ತೆ ನೋಡಿ. ಇಲ್ಲಿ ಯಾರೂ ಯಾರನ್ನೂ ಬಣ್ಣದ ಹೆಸರು ಹಿಡಿದು ಬೈದಿಲ್ಲ, ಹೊಡೆದಿಲ್ಲ. ತಮ್ಮ ಕೆಲಸವನ್ನು ಸ್ವಲ್ಪ ಕಮ್ಮಿ ಮಾಡಿದ್ದಾರೆ, ಅಷ್ಟೇ. ಭೇದಭಾವ ಬಹಳ ಸಲ ಇರುವುದೇ ಹೀಗೆ. ಕೇಳಿದರೆ ‘ಅಯ್ಯೋ, ಮಿಸ್ ಆಯಿತು’ ಅನ್ನಬಹುದು. ಮುಂದೆ ಗೆರಿಯ ಗೆಳೆಯ ರೇ ಬೇಕಂತಲೇ ಬ್ಲಾಕ್ ತಪ್ಪಿಸುತ್ತಾನೆ, ರೆವ್‌ಗೆ ಪೆಟ್ಟಾಗುತ್ತದೆ. ಆಗ ಗೆರಿ ತನ್ನ ಗೆಳೆಯನನ್ನು ಟೀಮಿನಿಂದ ತೆಗೆಯುತ್ತಾನೆ. ನನಗೆ ಇದು ಹಾಡು, ಕುಣಿತ, ಲಾಕರ್ ರೂಮಿನ ನಗುವಿಗಿಂತ ದೊಡ್ಡದು. ಹೊಸ ಗೆಳೆಯನನ್ನು ಮಾಡಿಕೊಳ್ಳುವುದು ಸುಲಭ. ಹಳೆಯ ಗೆಳೆಯನಿಗೆ ‘ನೀನು ಮಾಡಿದ್ದು ನನಗೆ ಗೊತ್ತು, ಹೋಗು’ ಅನ್ನುವುದು ಕಷ್ಟ. ‘ಟೀಮ್‌ವರ್ಕ್’ ಅಂತ ಸುಮ್ನೆ ಬರೆಯುವ ಬದಲು, ಈ ಸಿನಿಮಾದಲ್ಲಿ ಟೀಮಿಗೋಸ್ಕರ ಯಾರು ಏನನ್ನು ಕಳೆದುಕೊಂಡರು ಅಂತ ಹುಡುಕಲು ಹೇಳಿ. ಗೆರಿ ಗೆಳೆಯನನ್ನು ಕಳೆದುಕೊಳ್ಳುತ್ತಾನೆ. ಟೀಮಿನ ಬಿಳಿಯ ಸಹಾಯಕ ಕೋಚ್ ಯೋಸ್ಟ್‌ಗೆ ಹಾಲ್ ಆಫ್ ಫೇಮ್ ಗೌರವ ಕೈತಪ್ಪುತ್ತದೆ, ರೆಫರಿಗಳು ಮೋಸ ಮಾಡುವುದನ್ನು ಅವರು ಒಪ್ಪದೇ ಇದ್ದದ್ದಕ್ಕೆ. ಪ್ರಬಂಧಕ್ಕೆ ಇಷ್ಟರಲ್ಲೇ ಅರ್ಧ ಸಾಮಗ್ರಿ ಸಿಕ್ಕಿತು.

ಮುಖ್ಯ ಕೋಚ್ ಹರ್ಮನ್ ಬೂನ್ ಆಗಿ ಡೆನ್ಜೆಲ್ ವಾಷಿಂಗ್ಟನ್ ನಟಿಸಿದ್ದಾರೆ. ಕ್ಯಾಂಪಿಗೆ ಹೊರಡುವಾಗ ಕಪ್ಪು ಹುಡುಗರು ಒಂದು ಬಸ್ಸಿನಲ್ಲಿ, ಬಿಳಿಯರು ಇನ್ನೊಂದರಲ್ಲಿ ಕೂತಿರುತ್ತಾರೆ, ಬೂನ್ ಅವರನ್ನು ಎಬ್ಬಿಸುತ್ತಾರೆ. ದಾಳಿ ಮಾಡುವವರು ಒಂದು ಬಸ್, ಎದುರಾಳಿಯ ದಾಳಿಯನ್ನು ಎದುರಿಸುವವರು ಇನ್ನೊಂದು ಬಸ್ ಅಂತ ಬದಲಾಯಿಸುತ್ತಾರೆ. ಪ್ರೀತಿಯಿಂದ ಇರಿ ಅಂತ ಕೇಳಿಕೊಳ್ಳುವುದಿಲ್ಲ. ಒಂದೇ ಕೋಣೆಯಲ್ಲಿ ಮಲಗಿ, ಒಬ್ಬರ ಮನೆಯ ವಿಷಯ ಇನ್ನೊಬ್ಬರು ತಿಳಿದುಕೊಂಡು ಬನ್ನಿ, ಇಲ್ಲದಿದ್ದರೆ ದಿನಕ್ಕೆ ಮೂರು ಸಲ ಪ್ರ್ಯಾಕ್ಟೀಸ್ ಅನ್ನುತ್ತಾರೆ. ಮೊದಲು ನಿಯಮ ಬಂತು, ಸ್ನೇಹ ಆಮೇಲೆ ಬಂತು. ಈ ಕ್ರಮ ತುಂಬಾ ಮುಖ್ಯ, ಯಾಕೆಂದರೆ ಮೈದಾನದ ಹೊರಗಿನ ಇತಿಹಾಸವೂ ಹಾಗೆಯೇ ಇದೆ.

ಆ ಇತಿಹಾಸವನ್ನು ಸಿನಿಮಾ ಸರಿಯಾಗಿ ಹೇಳುವುದಿಲ್ಲ. ಕಪ್ಪು, ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಇರಕೂಡದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲೇ ತೀರ್ಪು ಕೊಟ್ಟಿತ್ತು. ವರ್ಜೀನಿಯಾ ಸರ್ಕಾರ ಅದನ್ನು ಹಟ ಹಿಡಿದು ವಿರೋಧಿಸಿತು. ಇದೇ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ಮಕ್ಕಳನ್ನು ಒಟ್ಟಿಗೆ ಕೂರಿಸುವ ಬದಲು ಸರ್ಕಾರಿ ಶಾಲೆಗಳನ್ನೇ 1959ರಿಂದ 1964ರವರೆಗೆ ಮುಚ್ಚಿಬಿಟ್ಟರು. ಐದು ವರ್ಷ! ಎಷ್ಟೋ ಕಪ್ಪು ಮಕ್ಕಳ ಓದು ಅಲ್ಲಿಗೇ ನಿಂತಿತು. ಸಿನಿಮಾ ನಡೆಯುವ ಅಲೆಕ್ಸಾಂಡ್ರಿಯಾ ಊರಿನಲ್ಲಿ ಬಿಳಿಯರ ಶಾಲೆಗಳಿಗೆ ಮೊದಲ ಒಂಬತ್ತು ಕಪ್ಪು ಮಕ್ಕಳು ಕಾಲಿಟ್ಟಿದ್ದು 1959ರಲ್ಲಿ, ಅದೂ ಅವರ ತಂದೆ ತಾಯಂದಿರು ಕೋರ್ಟಿಗೆ ಹೋದ ಮೇಲೆ. 1971ರಲ್ಲಿ ಊರಿನ ಮೂರು ಹೈಸ್ಕೂಲುಗಳ ಹನ್ನೊಂದು, ಹನ್ನೆರಡನೇ ಕ್ಲಾಸಿನ ಮಕ್ಕಳನ್ನೆಲ್ಲ ಟಿ.ಸಿ. ವಿಲಿಯಮ್ಸ್ ಹೈಸ್ಕೂಲಿಗೆ ಸೇರಿಸಿದರು. ಸಿನಿಮಾದ ಕಥೆ ಶುರುವಾಗುವುದು ಇಲ್ಲಿಂದ. ಕೇಸು ಹಾಕಿದ ಆ ತಂದೆ ತಾಯಂದಿರು ಅದರಲ್ಲಿ ಎಲ್ಲೂ ಇಲ್ಲ. ನನಗೆ ಈ ಸಿನಿಮಾದ ಮೇಲಿರುವ ದೊಡ್ಡ ದೂರು ಅದೇ.

ಮೂರು ಶಾಲೆ ಸೇರಿತು ಅನ್ನುವುದರಲ್ಲಿ ಇನ್ನೊಂದು ವಿಷಯ ಇದೆ. ಮೂರು ಶಾಲೆಗಳ ಒಳ್ಳೆಯ ಆಟಗಾರರು ಒಂದೇ ಟೀಮಿಗೆ ಬಂದರು. ಟೈಟನ್ಸ್ ಆ ವರ್ಷ ಆಡಿದ 13 ಪಂದ್ಯವನ್ನೂ ಗೆದ್ದದ್ದಕ್ಕೆ ಒಗ್ಗಟ್ಟಿನಷ್ಟೇ ಇದೂ ಕಾರಣ ಅಂತ ನನ್ನ ಅಭಿಪ್ರಾಯ. ಮಗ ಇದನ್ನು ಬರೆದರೆ ಟೀಚರ್ ಖಂಡಿತ ಗಮನಿಸುತ್ತಾರೆ.

ಈಗ ನಿಮ್ಮ ‘ನಿಜವಾ’ ಪ್ರಶ್ನೆ. ಬೂನ್, ಯೋಸ್ಟ್, ಗೆರಿ, ಜೂಲಿಯಸ್ ಎಲ್ಲರೂ ನಿಜವಾಗಿ ಇದ್ದವರು. ಬದಲಾಯಿಸಿದ್ದು ಜಾಸ್ತಿಯೇ ಇದೆ. ಸಿನಿಮಾದ ಫೈನಲ್ ಕೊನೆಯ ಕ್ಷಣದವರೆಗೆ ಎಳೆಯುತ್ತದೆ. ನಿಜವಾದ ಫೈನಲ್ ರೋನೋಕ್ ಊರಿನಲ್ಲಿ ಆಂಡ್ರೂ ಲೂಯಿಸ್ ಶಾಲೆಯ ವಿರುದ್ಧ ನಡೆಯಿತು. ಟೈಟನ್ಸ್ 27-0 ಅಂತರದಲ್ಲಿ ಆರಾಮವಾಗಿ ಗೆದ್ದರು. ಸಿನಿಮಾದಲ್ಲಿ ಎದುರಾಳಿ ಶಾಲೆಗಳೆಲ್ಲ ಬರೀ ಬಿಳಿಯರದು. ಅಷ್ಟೊತ್ತಿಗೆ ಆ ಶಾಲೆಗಳಲ್ಲೂ ಕಪ್ಪು ಮಕ್ಕಳು ಸೇರಿ ಆಗಿತ್ತು. ಸಿನಿಮಾದಲ್ಲಿ ಗೆರಿಯ ಕಾರು ಅಪಘಾತ ಫೈನಲ್‌ಗೆ ಮೊದಲು ಆಗುತ್ತದೆ. ನಿಜವಾಗಿ ಅದು ಆಗಿದ್ದು ಸೀಸನ್ ಮುಗಿದ ಮೇಲೆ, 1971ರ ಡಿಸೆಂಬರ್‌ನಲ್ಲಿ. ಅವರು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಆಮೇಲೂ ವೀಲ್‌ಚೇರ್ ಕ್ರೀಡಾಕೂಟಗಳಲ್ಲಿ ಶಾಟ್‌ಪುಟ್ ಎಸೆದು ಪದಕ ಗೆದ್ದರು. 1981ರಲ್ಲಿ ಇನ್ನೊಂದು ಅಪಘಾತದಲ್ಲಿ ತೀರಿಕೊಂಡರು.

ಗೆಟ್ಟಿಸ್‌ಬರ್ಗ್ ದೃಶ್ಯ ಎಲ್ಲಾ ಮಕ್ಕಳಿಗೂ ಇಷ್ಟ. ಗುಲಾಮಗಿರಿಯ ಕಾರಣಕ್ಕೆ ನಡೆದ ಅಮೆರಿಕದ ಅಂತರ್ಯುದ್ಧದ ಒಂದು ರಣರಂಗ ಅದು. ಬೂನ್ ನಡುರಾತ್ರಿ ಹುಡುಗರನ್ನು ಓಡಿಸಿಕೊಂಡು ಹೋಗಿ, ಇಲ್ಲಿ 50,000 ಜನ ಸತ್ತರು, ನಾವೂ ಅದೇ ಜಗಳ ಆಡುತ್ತಿದ್ದೇವೆ ಅನ್ನುತ್ತಾರೆ. ಕ್ಯಾಂಪ್ ಗೆಟ್ಟಿಸ್‌ಬರ್ಗ್‌ನಲ್ಲೇ ನಡೆದಿದ್ದು ನಿಜ. ಆ ರಾತ್ರಿಯ ಓಟ ಮಾತ್ರ ಸಿನಿಮಾದವರದು. 1863ರ ಆ ಯುದ್ಧದಲ್ಲಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲಾ ಸೇರಿ ಸುಮಾರು 50,000. ಅಲ್ಲಿ ಸತ್ತವರು ಏಳೆಂಟು ಸಾವಿರ.

ಇಂಥವನ್ನು ‘ಸಿನಿಮಾ ಸುಳ್ಳು ಹೇಳಿದೆ’ ಅಂತ ಪಟ್ಟಿ ಮಾಡಿಸಬೇಡಿ. ಯಾಕೆ ಬದಲಾಯಿಸಿದರು ಅಂತ ಕೇಳಿ. ಎದುರಾಳಿಗಳನ್ನೆಲ್ಲ ಬಿಳಿಯರನ್ನಾಗಿ ಮಾಡಿದರೆ ನೋಡುವವರಿಗೆ ಯಾವ ಪಕ್ಷ ಅಂತ ತಕ್ಷಣ ಗೊತ್ತಾಗುತ್ತದೆ. ಅಪಘಾತವನ್ನು ಹಿಂದಕ್ಕೆ ತಂದರೆ ಫೈನಲ್‌ಗೆ ಕಣ್ಣೀರು ಸೇರುತ್ತದೆ. ಹೀಗೆ ಯೋಚಿಸುವ ಮಗು ಇನ್ನು ಮುಂದೆ ಯಾವ ಸಿನಿಮಾವನ್ನೂ ಬೇರೆ ಥರ ನೋಡುತ್ತದೆ. ಇನ್ನೊಂದು ಲೆಕ್ಕವನ್ನೂ ಹಾಕಿಸಿ: ಗೆರಿಯ ಮನೆ, ತಾಯಿ, ಗೆಳತಿ ಎಷ್ಟು ಸಲ ಕಾಣುತ್ತಾರೆ, ಜೂಲಿಯಸ್‌ನ ಮನೆಯವರು ಎಷ್ಟು ಸಲ? ಕಥೆಯನ್ನು ಯಾರ ಕಡೆಯಿಂದ ಹೇಳುತ್ತಿದ್ದಾರೆ ಅನ್ನುವುದು ಅದರಲ್ಲೇ ತಿಳಿಯುತ್ತದೆ.

ಶಾಲೆಯ ಹೆಸರಿನ ಕಥೆಯನ್ನು ಅವನಿಗೆ ಹೇಳಲೇಬೇಕು. ಟಿ.ಸಿ. ವಿಲಿಯಮ್ಸ್ ಆ ಊರಿನ ಶಾಲೆಗಳ ಮುಖ್ಯಾಧಿಕಾರಿ ಆಗಿದ್ದವರು. ಮಕ್ಕಳನ್ನು ಒಟ್ಟಿಗೆ ಕೂರಿಸುವುದನ್ನು ಕಡುವಾಗಿ ವಿರೋಧಿಸಿದವರು. ಶಾಲೆಯೊಂದರಲ್ಲಿ ಅಡುಗೆ ಮಾಡುತ್ತಿದ್ದ ಕಪ್ಪು ತಾಯಿಯೊಬ್ಬರು ತಮ್ಮ ಮಕ್ಕಳಿಗಾಗಿ ಕೇಸಿಗೆ ಸೇರಿದ್ದಕ್ಕೆ 1958ರಲ್ಲಿ ಅವರನ್ನು ಕೆಲಸದಿಂದಲೇ ತೆಗೆದಿದ್ದರು. ಟೈಟನ್ಸ್ ಹುಡುಗರು ಆಡಿ ಗೆದ್ದಿದ್ದು ಅಂಥವರ ಹೆಸರಿನ ಶಾಲೆಗೆ! ಆ ಹೆಸರನ್ನು ಅಲೆಕ್ಸಾಂಡ್ರಿಯಾ ಸಿಟಿ ಹೈಸ್ಕೂಲ್ ಅಂತ ಬದಲಾಯಿಸಿದ್ದು 2021ರಲ್ಲಿ. ಸಿನಿಮಾ ಬಂದು ಎರಡು ದಶಕ ಆದ ಮೇಲೆ. ಟೈಟನ್ಸ್ ಅನ್ನುವ ಟೀಮಿನ ಹೆಸರನ್ನು ಮಾತ್ರ ಉಳಿಸಿಕೊಂಡಿದ್ದಾರೆ.

ಬರೆಯುವಾಗ ಇಡೀ ಕಥೆಯನ್ನು ಮತ್ತೆ ಹೇಳುವುದು ಬೇಡ. ಟೀಚರ್‌ಗೆ ಕಥೆ ಗೊತ್ತಿದೆ. ಬ್ಲಾಕ್‌ನ ಜಗಳದಿಂದಲೇ ಶುರು ಮಾಡಲಿ. ಆಮೇಲೆ ರೇ ಹೊರಹೋಗುವುದು, ಆಮೇಲೆ ನರ್ಸ್ ‘ಮನೆಯವರಿಗೆ ಮಾತ್ರ ಪ್ರವೇಶ’ ಅಂದಾಗ ಗೆರಿ ಆಸ್ಪತ್ರೆಯ ಮಂಚದಿಂದ ಜೂಲಿಯಸ್‌ನನ್ನು ‘ಅವನು ನನ್ನ ತಮ್ಮ’ ಅನ್ನುವುದು. ಮೂರು ದೃಶ್ಯ, ಅವುಗಳ ನಡುವೆ ಒಂದು ಇತಿಹಾಸದ ಪ್ಯಾರಾ. ತನ್ನ ಶಾಲೆಯ ಕೆಫೆಟೇರಿಯಾದಲ್ಲಿ ಯಾರು ಯಾರ ಜೊತೆ ಕೂರುತ್ತಾರೆ ಅಂತ ನೋಡಿ ಅವನಿಗೆ ಏನಾದರೂ ಅನ್ನಿಸಿದರೆ ಅದನ್ನೂ ಸೇರಿಸಲಿ. ಹೊಸದಾಗಿ ಬಂದ ಹುಡುಗನ ಕಣ್ಣಿಗೆ ಅದು ಬೇರೆಯವರಿಗಿಂತ ಚೆನ್ನಾಗಿ ಕಾಣುತ್ತದೆ.

ನೀವು ವಾಷಿಂಗ್ಟನ್ ಕಡೆ ಬಂದರೆ ಅಲೆಕ್ಸಾಂಡ್ರಿಯಾದ ಬ್ಲ್ಯಾಕ್ ಹಿಸ್ಟರಿ ಮ್ಯೂಸಿಯಂಗೆ ಅವನನ್ನು ಕರೆದುಕೊಂಡು ಹೋಗಿ. 1939ರಲ್ಲಿ ಐದು ಕಪ್ಪು ಯುವಕರು ಊರಿನ ಲೈಬ್ರರಿಯಲ್ಲಿ ಕೂತು ಪುಸ್ತಕ ಓದಿದ್ದಕ್ಕೆ ಅರೆಸ್ಟ್ ಆದರು. ಅವರನ್ನು ಒಳಗೆ ಬಿಡುವ ಬದಲು ಊರಿನವರು ಕಪ್ಪು ಜನರಿಗೆ ಅಂತ ಬೇರೆಯೇ ಒಂದು ಸಣ್ಣ ಲೈಬ್ರರಿ ಕಟ್ಟಿಸಿದರು. ಮ್ಯೂಸಿಯಂ ಈಗ ಇರುವುದು ಆ ಕಟ್ಟಡದಲ್ಲೇ. ಪ್ರಬಂಧ ಕೊಡುವುದಕ್ಕೆ ಮೊದಲು ಬರಲು ಆಗದಿದ್ದರೂ ಪರವಾಗಿಲ್ಲ, ಬೇಸಿಗೆ ರಜೆಯಲ್ಲಿ ಬನ್ನಿ.