ಆರು ವರ್ಷದ ಮಗುವಿಗೆ ಸಂಜೆ ಕ್ಲಾಸ್ ಬೇಕಾ, ಆಟ ಸಾಕಾ?

ಆರು ವರ್ಷದ ಮಗ ಸ್ಕೂಲಿಂದ ಬಂದವನೇ ಬ್ಯಾಗ್ ಎಸೆದು ಬೀದಿಗೆ ಓಡ್ತಾನೆ, ಓರಗೆಯ ಮಕ್ಕಳೆಲ್ಲ ಅಬಾಕಸ್, ಕೀಬೋರ್ಡ್ ಅಂತ ಹೋಗ್ತಿದ್ದಾರೆ, ಇವನನ್ನೂ ಸೇರಿಸಬೇಕಾ ಅಂತ ಕೇಳಿದ್ದೀರಿ. ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ, ಅಂದರೆ ಆಟ, ಕಾರ್ಡ್‌ಗಳ ಮೂಲಕ ಕಲಿಸೋ ಪದ್ಧತಿಯಲ್ಲಿ, ಚಿಕ್ಕ ಮಕ್ಕಳಿಗೆ ಪಾಠ ಮಾಡೋ ಟೀಚರ್ ನಾನು. ದಯವಿಟ್ಟು ಆಡೋಕೆ ಬಿಡಿ.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಮ್ಮ ನಲಿ-ಕಲಿಯಲ್ಲೂ ಆಟ ಇದೆ, ಅದರ ಮೇಲೆ ನನಗೆ ಪ್ರೀತಿಯೂ ಇದೆ. ಆದರೆ ಅಲ್ಲಿ ಯಾವ ಕಾರ್ಡ್ ತೆಗೀಬೇಕು, ಏನು ಕಲೀಬೇಕು ಅನ್ನೋದು ಮೊದಲೇ ಗೊತ್ತಾಗಿರುತ್ತೆ. ಬೀದಿ ಆಟದಲ್ಲಿ ಎಲ್ಲವನ್ನೂ ಮಕ್ಕಳೇ ತೀರ್ಮಾನ ಮಾಡಬೇಕು.

ಲಗೋರಿ ಆಡೋವಾಗ ಒಂದು ದಿನ ದೂರ ನಿಂತು ನೋಡಿ. ಚಪ್ಪಟೆ ಕಲ್ಲು ಸಾಲದಿದ್ದರೆ ಒಡೆದ ಟೈಲ್ಸ್ ಚೂರು ಹುಡುಕಿ ತರ್ತಾರೆ. ದೊಡ್ಡದು ಅಡಿಗೆ, ಚಿಕ್ಕದು ಮೇಲಕ್ಕೆ ಅಂತ ಯಾರೂ ಹೇಳಿಕೊಡಲ್ಲ, ನಾಲ್ಕು ಸಲ ಬಿದ್ದ ಮೇಲೆ ಕೈಗೇ ಗೊತ್ತಾಗುತ್ತೆ. ಚೆಂಡು ಬೆನ್ನಿಗೆ ಬಿತ್ತು, ಇಲ್ಲ ಅಂಗಿಗಷ್ಟೇ ತಾಗಿತು ಅಂತ ಜಗಳ ಹತ್ತುತ್ತೆ. ಜಗಳ ಬೆಳೆದರೆ ಆಟ ನಿಂತುಹೋಗುತ್ತೆ, ಅದು ಯಾರಿಗೂ ಬೇಡ. ಹಾಗಾಗಿ ಒಬ್ಬ ಗೊಣಗಿಕೊಂಡೇ "ಸರಿ, ಇನ್ನೊಂದ್ಸಲ ಹೊಡಿ" ಅಂತಾನೆ. ಯಾರದೋ ಪುಟ್ಟ ತಂಗಿ ನಾನೂ ಬರ್ತೀನಿ ಅಂತ ಅತ್ತರೆ ಅವಳನ್ನು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಮಾಡಿ ಸೇರಿಸಿಕೊಳ್ತಾರೆ. ಅವಳು ಮನಸಾರೆ ಓಡಬಹುದು, ಔಟ್ ಮಾತ್ರ ಆಗಲ್ಲ. ಆಟವೂ ಕೆಡಬಾರದು, ಮಗುವೂ ಅಳಬಾರದು ಅನ್ನೋ ಈ ಉಪಾಯವನ್ನು ನಾನು ಬೋರ್ಡ್ ಮೇಲೆ ಬರೆದು ಕಲಿಸಲಾರೆ.

ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2018ರ ವರದಿಯಲ್ಲಿ, ಪುಟ್ಟ ಮಕ್ಕಳಿಗೆ ಔಷಧಿ ಚೀಟಿ ಬರೆಯೋ ಹಾಗೆ ಆಟವನ್ನೂ ಬರೆದುಕೊಡಿ ಅಂತ ವೈದ್ಯರಿಗೆ ಹೇಳಿತು. ಆಸೆ ತಡೆದುಕೊಳ್ಳೋದು, ಮುಂದಿನದನ್ನು ಯೋಚಿಸೋದು, ಗಮನ ಇಡೋದು ಆಟದಲ್ಲಿ ಬಲಿಯುತ್ತೆ ಅನ್ನೋದು ಅವರ ಮಾತು. ತರಗತಿಯಲ್ಲಿ ಓದು ಬರಹಕ್ಕೆ ಬೇಕಾಗಿರೋದೂ ಇದೇ ಅಲ್ವಾ?

ಬೀದೀಲಿ ಗಾಡಿ ಜಾಸ್ತಿ ಇದ್ದರೆ ಪಾರ್ಕೋ ದೇವಸ್ಥಾನದ ಅಂಗಳವೋ ನೋಡಿ. ದೊಡ್ಡೋರು ಚಿಕ್ಕೋರು ಬೆರೆತು ಆಡಿದರೆ ಇನ್ನೂ ಒಳ್ಳೇದು. ಕಣ್ಣಳತೆಯಲ್ಲಿರಿ, ಆದರೆ ಕೈ ಕೈ ಮಿಲಾಯಿಸೋವರೆಗೂ ಪಂಚಾಯ್ತಿಗೆ ಹೋಗಬೇಡಿ. ಚೆಸ್ಸೋ ಕೀಬೋರ್ಡೋ ಕಲೀಬೇಕು ಅಂತ ಅವನೇ ಕೇಳಿದರೆ ವಾರಕ್ಕೆರಡು ದಿನ ಕಳಿಸಿ, ಮಿಕ್ಕ ಸಂಜೆಗಳನ್ನು ಅವನಿಗೇ ಬಿಡಿ.