ಪಕ್ಕದ ಗಿಟಾರನ್ನು ಮೊದಲು ಕೇಳಿ

ಪತ್ರದ ಸಾರ: ವರ್ಷಗಟ್ಟಲೆ ಪಿಟೀಲು ಕಛೇರಿ ಕೇಳಿಕೊಂಡು ಬಂದ ಮೈಸೂರಿನ ಓದುಗರೊಬ್ಬರು ಬರೆದಿದ್ದಾರೆ. ಗಿಟಾರ್ ಕಲಿಯುತ್ತಿರುವ ಅವರ ಮಗ ಮನೆಯಲ್ಲಿ ಹೊತ್ತುಗೊತ್ತಿಲ್ಲದೆ ಜಿಪ್ಸಿ ಜಾಝ್, ಅಂದರೆ 1930ರ ದಶಕದ ಪ್ಯಾರಿಸ್ಸಿನಲ್ಲಿ ಹುಟ್ಟಿದ ಗಿಟಾರ್ ಪ್ರಧಾನ ಜಾಝ್, ಹಾಕಿಕೊಂಡು ಕೂರುತ್ತಾನಂತೆ. ಅವರ ಪ್ರಶ್ನೆಗಳು ಮೂರು. ಆಲಿಕಲ್ಲು ಸುರಿದ ಹಾಗೆ ಬೀಳುವ ಈ ಸ್ವರಗಳಲ್ಲಿ ಸಂಗೀತವೆಷ್ಟು, ಕಸರತ್ತೆಷ್ಟು? ಈ ಶೈಲಿಯ ಮೂಲಪುರುಷ ಜ್ಯಾಂಗೊ ರೈನ್‌ಹಾರ್ಟ್ ಎರಡೇ ಬೆರಳಲ್ಲಿ ನುಡಿಸುತ್ತಿದ್ದರು ಅನ್ನುವುದು ನಿಜವೇ, ಕಟ್ಟುಕಥೆಯೇ? ಮಗನ ಗಿಟಾರಿನಲ್ಲಿ ಆ ಗರಿಗರಿಯಾದ ‘ಚಕ್’ ಸದ್ದು ಬರುವುದಿಲ್ಲ, ಹತ್ತು ನಿಮಿಷಕ್ಕೆಲ್ಲ ಮೊಣಕೈ ನೋಯುತ್ತದೆ, ಏಕೆ?

ಮಾನ್ಯರೇ,

ಕಸರತ್ತು ಇದೆ, ಇಲ್ಲವೆನ್ನುವುದಿಲ್ಲ. ನಿಮಿಷಕ್ಕೆ 280 ಎಣಿಕೆಯ ವೇಗದಲ್ಲಿ, ಎಣಿಕೆಗೆ ಎರಡು ಸ್ವರ ಹಿಡಿದರೂ ಸೆಕೆಂಡಿಗೆ ಒಂಬತ್ತಕ್ಕಿಂತ ಹೆಚ್ಚು ಸ್ವರ ಆಯಿತು. ಆ ವೇಗದಲ್ಲಿ, ಬಾಯಿಪಾಠ ಮಾಡಿಟ್ಟ ತುಣುಕುಗಳನ್ನು ಒಂದಕ್ಕೊಂದು ಅಂಟಿಸಿ ಚಪ್ಪಾಳೆ ಗಿಟ್ಟಿಸುವ ವಾದಕರೂ ಇದ್ದಾರೆ. ಅಂಥವರನ್ನು ಕೇಳಿ ನಿಮಗೆ ಬೇಸರವಾಗಿದ್ದರೆ ತಪ್ಪು ನಿಮ್ಮ ಕಿವಿಯದಲ್ಲ. ಆದರೆ ನಿಮ್ಮ ಪತ್ರ ಓದಿದರೆ ನೀವು ಕೇಳಿದ್ದು ಮುಂದಿನ, ಅಂದರೆ ಮುಖ್ಯ ಗಿಟಾರನ್ನು ಮಾತ್ರ ಅನ್ನಿಸುತ್ತದೆ. ಈ ಸಂಗೀತದ ಬಾಗಿಲು ಇರುವುದು ಪಕ್ಕದ, ಅಂದರೆ ಪಕ್ಕವಾದ್ಯದ ಗಿಟಾರಿನಲ್ಲಿ.

1934ರಲ್ಲಿ ಪ್ಯಾರಿಸ್ಸಿನಲ್ಲಿ ಕೂಡಿದ ಹಾಟ್ ಕ್ಲಬ್ ಕ್ವಿಂಟೆಟ್‌ನಲ್ಲಿ ಐದು ಜನ. ಜ್ಯಾಂಗೊ ಮುಖ್ಯ ಗಿಟಾರ್, ಸ್ಟೆಫಾನ್ ಗ್ರಾಪೆಲಿ ಪಿಟೀಲು, ಜ್ಯಾಂಗೊ ಅವರ ತಮ್ಮ ಜೋಸೆಫ್ ಮತ್ತು ರೋಜೆ ಶಾಪು ಪಕ್ಕದ ಗಿಟಾರ್, ಲೂಯಿ ವೊಲಾ ಡಬಲ್ ಬಾಸ್. ಐದೂ ತಂತಿವಾದ್ಯ, ಡ್ರಮ್ ಇಲ್ಲ, ಪಿಯಾನೊ ಇಲ್ಲ, ಊದುವಾದ್ಯ ಇಲ್ಲ. ಹಾಗಾಗಿ ತಾಳ ಹಿಡಿಯುವ ಕೆಲಸವೂ ಶ್ರುತಿಯ ನೆಲ ಹಾಸುವ ಕೆಲಸವೂ ಪಕ್ಕದ ಗಿಟಾರಿನ ಹೆಗಲಿಗೇ ಬಿತ್ತು. ತಂಬೂರಿಯನ್ನೂ ಮೃದಂಗವನ್ನೂ ಒಬ್ಬರೇ ನುಡಿಸಬೇಕಾದ ಹಾಗೆ.

ಆ ನಡೆಗೆ ಫ್ರೆಂಚಿನಲ್ಲಿ ‘ಲಾ ಪೋಂಪ್’ ಅನ್ನುತ್ತಾರೆ, ಪಂಪು ಎಂದೇ ಅರ್ಥ. ನಾಲ್ಕು ಎಣಿಕೆಯ ಒಂದು ಆವರ್ತ ತೆಗೆದುಕೊಳ್ಳಿ. 1 ಮತ್ತು 3ರಲ್ಲಿ ಪಿಕ್ (ತಂತಿ ಮೀಟುವ ಬಿಲ್ಲೆ) ದಪ್ಪ ತಂತಿಗಳ ಕಡೆಗೆ ಬೀಳುತ್ತದೆ, ಸದ್ದು ಕೊಂಚ ನಿಲ್ಲುತ್ತದೆ. 2 ಮತ್ತು 4ರಲ್ಲಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಪೂರ್ತಿ ಬೀಳುತ್ತದೆ, ಬಿದ್ದ ಕ್ಷಣವೇ ಎಡಗೈ ಹಿಡಿತ ಸಡಿಲಿಸಿ ಸದ್ದನ್ನು ಕತ್ತರಿಸುತ್ತದೆ. ಬೆರಳು ತಂತಿಯನ್ನು ಬಿಟ್ಟೇಳುವುದಿಲ್ಲ, ಒತ್ತು ಮಾತ್ರ ಬಿಡುತ್ತದೆ. ಪೂರ್ತಿ ಎತ್ತಿದರೆ ಖಾಲಿ ತಂತಿ ಝೇಂಕರಿಸಿ ಎಲ್ಲ ಕೆಡುತ್ತದೆ. ಅನೇಕರು 1 ಮತ್ತು 3ಕ್ಕೆ ಕೂದಲೆಳೆ ಮುಂಚೆ ಕೆಳಗಿನಿಂದ ಮೇಲಕ್ಕೊಂದು ಸಣ್ಣ ಗೀಚು ಸೇರಿಸುತ್ತಾರೆ. ಅದು ಬೇರೆ ಸ್ವರವಾಗಿ ಕೇಳಿಸಬಾರದು, ಮುಂದಿನ ಎಣಿಕೆಯನ್ನು ತಳ್ಳಿದ ಹಾಗಿರಬೇಕು. ಆ ಗೀಚು ಸ್ವಲ್ಪ ಬೇಗ ಬಂದರೆ ಕುದುರೆಗಾಡಿಯ ಟಕಟಕ ಆಗುತ್ತದೆ, ಜೋರಾದರೆ ನಡೆ ಕುಂಟುತ್ತದೆ. ಹೊಸಬರ ಪಂಪು ಕೆಡುವುದು ಬಹುಪಾಲು ಇಲ್ಲೇ.

ಹಾಲೆಂಡಿನ ಗಿಟಾರ್ ವಾದಕ ಸ್ಟೊಕೆಲೊ ರೋಸೆನ್‌ಬರ್ಗ್ ಅವರ ತಂಡದಲ್ಲಿ ಅವರ ದಾಯಾದಿ ನೌಶೆ ಈ ಕೆಲಸ ಮಾಡುವುದನ್ನು ಒಂದು ಹಾಡಿನ ಉದ್ದಕ್ಕೂ ಕೇಳಿ. ಮುಂದಿನ ಗಿಟಾರಿಗೆ ಕಿವಿ ಕೊಡಬೇಡಿ. ಎರಡು ನಿಮಿಷ ಕಳೆದ ಮೇಲೆ ಮುಂದಿನವರು ಅಷ್ಟು ಧೈರ್ಯವಾಗಿ ಎಣಿಕೆಯ ಹಿಂದೆ ಬೀಳುವುದು, ನಡುವೆ ಬಾಯಿ ಮುಚ್ಚಿ ಕೂರುವುದು, ಆಮೇಲೆ ಧುಮುಕುವುದು ಯಾವ ನಂಬಿಕೆಯ ಮೇಲೆ ಅನ್ನುವುದು ತಿಳಿಯುತ್ತದೆ.

ಇನ್ನು ಸ್ವರಗಳ ಮಾತು. ನಿಮ್ಮ ಕಿವಿ ರಾಗವನ್ನು ಹುಡುಕುತ್ತದೆ, ಇಲ್ಲಿ ಅದು ಸಿಗುವುದಿಲ್ಲ. ನಮ್ಮಲ್ಲಿ ಷಡ್ಜ ಊರ ದೇವಸ್ಥಾನದಂತೆ ಒಂದೇ ಕಡೆ ನಿಂತಿರುತ್ತದೆ, ಇಲ್ಲಿ ಆವರ್ತಕ್ಕೋ ಎರಡು ಆವರ್ತಕ್ಕೋ ಅದು ಜಾಗ ಬದಲಿಸುತ್ತದೆ. ‘ಮೈನರ್ ಸ್ವಿಂಗ್’ ಎಂಬ 1937ರ ಧ್ವನಿಮುದ್ರಣವನ್ನೇ ನೋಡಿ. ಆರಂಭದ ಸಣ್ಣ ಪಲುಕು ಬಿಟ್ಟರೆ ಹೇಳಿಕೊಳ್ಳುವಂಥ ಮಟ್ಟು ಕೂಡ ಇಲ್ಲ, ಉಳಿದದ್ದೆಲ್ಲ ಮನೋಧರ್ಮ. ಚೌಕಟ್ಟು 16 ಆವರ್ತದ್ದು (ಕಾರ್ಡಿನ ಹೆಸರು, ಅದು ನಿಲ್ಲುವ ಆವರ್ತಗಳು): ಎ ಮೈನರ್ 2, ಡಿ ಮೈನರ್ 2, ಇ ಸೆವೆನ್ 2, ಎ ಮೈನರ್ 2, ಮತ್ತೆ ಡಿ ಮೈನರ್ 2, ಎ ಮೈನರ್ 2, ಇ ಸೆವೆನ್ 2, ಎ ಮೈನರ್ 2. ನಿಮಿಷಕ್ಕೆ 200 ಎಣಿಕೆಯಲ್ಲಿ ನುಡಿಸಿದರೆ ಒಂದು ಸುತ್ತಿಗೆ ಇಪ್ಪತ್ತು ಸೆಕೆಂಡೂ ಹಿಡಿಯುವುದಿಲ್ಲ. ಕೈಯಲ್ಲಿ ತಾಳ ಹಾಕುತ್ತ ಮೂರು ನಾಲ್ಕು ಸುತ್ತು ಎಣಿಸಿದರೆ ನಿಮಗೆ ಒಗ್ಗಿಬಿಡುತ್ತದೆ.

ಈಗ ‘ಎ’ ಸ್ವರವೊಂದನ್ನೇ ಗುನುಗುತ್ತ ಈ ಚೌಕಟ್ಟಿನ ಮೇಲೆ ನಿಲ್ಲಿ. ಮೊದಲೆರಡು ಆವರ್ತದಲ್ಲಿ ಅದು ಷಡ್ಜ. ಕಾರ್ಡ್ ಡಿ ಮೈನರಿಗೆ ಹೊರಳಿತು, ನಿಮ್ಮ ಸ್ವರ ಕದಲದೆಯೇ ಪಂಚಮವಾಯಿತು. ಇ ಸೆವೆನ್ ಬಂತು, ಅದೇ ಸ್ವರ ಈಗ ಶುದ್ಧ ಮಧ್ಯಮ. ನಿಲ್ಲಲಾರದೆ ಅಂತರ ಗಾಂಧಾರಕ್ಕೆ, ಅಂದರೆ ಜಿ ಶಾರ್ಪಿಗೆ, ಇಳಿಯಬೇಕೆಂದು ಚಡಪಡಿಸುತ್ತದೆ. ಒಳ್ಳೆಯ ವಾದಕ ಈ ಚಡಪಡಿಕೆಯನ್ನು ಬಲ್ಲವನು. ಕಾರ್ಡ್ ಹೊರಳುವ ಎಣಿಕೆಯಲ್ಲೇ ಆ ಜಿ ಶಾರ್ಪನ್ನು ಮುಟ್ಟಿಬಿಡುತ್ತಾನೆ, ಪಕ್ಕದವರೆಲ್ಲ ಸುಮ್ಮನಿದ್ದರೂ ಕಾರ್ಡ್ ಬದಲಾದದ್ದು ಆ ಒಂದೇ ಸ್ವರದಿಂದ ನಿಮಗೆ ಕೇಳಿಸುತ್ತದೆ. ಗೊತ್ತಿಲ್ಲದವನು ಇಡೀ 16 ಆವರ್ತಕ್ಕೆ ಎ ಮೈನರ್ ಸ್ವರಾವಳಿಯನ್ನೇ ಮೇಲೆ ಕೆಳಗೆ ಉರುಳಿಸುತ್ತಾನೆ. ಇಬ್ಬರದೂ ಅಷ್ಟೇ ವೇಗವಿರಬಹುದು. ನಿಮ್ಮ ಮೊದಲ ಪ್ರಶ್ನೆಗೆ ನಮ್ಮ ಉತ್ತರ ಈ ವ್ಯತ್ಯಾಸದಲ್ಲಿದೆ.

ಎ ಮೈನರ್ ಎಂದು ಬರೆದ ಕಡೆ ಇವರು ಹಿಡಿಯುವುದು ಹೆಚ್ಚಾಗಿ ಎ ಮೈನರ್ ಸಿಕ್ಸ್: ಷಡ್ಜ, ಸಾಧಾರಣ ಗಾಂಧಾರ, ಪಂಚಮದ ಜೊತೆ ಚತುಶ್ರುತಿ ಧೈವತ. ಎಲ್ಲಕ್ಕಿಂತ ದಪ್ಪನೆಯ ಆರನೆಯ ತಂತಿ 5ನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ), ನಾಲ್ಕನೆಯದು 4, ಮೂರು ಮತ್ತು ಎರಡನೆಯದು 5. ಉಳಿದೆರಡು ತಂತಿ ಮೂಕ. ಈ ಸಂಗೀತದ ಹೊಗೆಬಣ್ಣ ಬರುವುದು ಆ ಧೈವತದಿಂದ.

ಎರಡು ಬೆರಳಿನ ಕಥೆ ನಿಜ. 1928ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಜ್ಯಾಂಗೊ ಇದ್ದ ಬಂಡಿಮನೆಗೆ ಬೆಂಕಿ ಬಿತ್ತು. ಹೆಂಡತಿ ಮಾರಾಟಕ್ಕೆಂದು ಮಾಡಿಟ್ಟಿದ್ದ ಸೆಲ್ಯುಲಾಯ್ಡ್ ಹೂಗಳು ಭಗ್ಗೆಂದು ಹೊತ್ತಿಕೊಂಡವು. ಎಡಗೈಯ ಉಂಗುರ ಬೆರಳು, ಕಿರುಬೆರಳು ಸುಟ್ಟು ಮುದುಡಿದವು. ಸುಮಾರು ಒಂದೂವರೆ ವರ್ಷದ ಆರೈಕೆಯಲ್ಲಿ ಅವರು ವಾದನವನ್ನು ಮೊದಲಿನಿಂದ ಕಟ್ಟಿಕೊಂಡರು. ಬಿಡಿ ಸ್ವರಗಳಿಗೆ ತೋರುಬೆರಳು, ನಡುಬೆರಳು ಮಾತ್ರ. ಮುದುಡಿದ ಬೆರಳುಗಳು ಪೂರ್ತಿ ನಿರುಪಯೋಗಿಯಾಗಿರಲಿಲ್ಲ, ಕಾರ್ಡ್ ಹಿಡಿಯುವಾಗ ಸಣ್ಣ ತಂತಿಗಳ ಮೇಲೆ ಅವನ್ನು ಒತ್ತುತ್ತಿದ್ದರು.

ಇದನ್ನು ಬರೀ ಕೆಚ್ಚಿನ ಕಥೆಯಾಗಿ ಓದಿದರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ನಾಲ್ಕು ಬೆರಳಿದ್ದವರು ಒಂದೇ ಜಾಗದಲ್ಲಿ ಕೈಯಿಟ್ಟು ಅಡ್ಡಡ್ಡ ನುಡಿಸುತ್ತಾರೆ. ಎರಡೇ ಇದ್ದಾಗ ಕೈ ಓಡಲೇಬೇಕು. ಹಾಗೆ ಜ್ಯಾಂಗೊ ಅವರ ಸ್ವರಪಂಕ್ತಿಗಳು ಗಿಟಾರಿನ ಕತ್ತಿನುದ್ದಕ್ಕೂ ಓರೆಯಾಗಿ ಏರುತ್ತವೆ. ಇ ಸೆವೆನ್ ಮೇಲೆ ಅವರ ಪರಂಪರೆಯವರು ಬಳಸುವ ಒಂದು ಓಟವನ್ನು ನಿಮ್ಮ ಮಗ ಕೈಯಾರೆ ಮಾಡಿನೋಡಲಿ: ಆರನೆಯ ತಂತಿಯ 4 ಮತ್ತು 7ನೇ ಫ್ರೆಟ್, ಐದನೆಯದರ 5 ಮತ್ತು 8, ನಾಲ್ಕನೆಯದರ 6 ಮತ್ತು 9, ಮೂರನೆಯದರ 7 ಮತ್ತು 10, ಎರಡನೆಯದರ 9 ಮತ್ತು 12, ಒಂದನೆಯದರ 10 ಮತ್ತು 13. ಹನ್ನೆರಡು ಸ್ವರ, ತಂತಿಗೆ ಎರಡು, ಎಲ್ಲ ಕಡೆ ನಡುವೆ ಮೂರು ಫ್ರೆಟ್. ಇ ಸ್ವರವನ್ನು ಷಡ್ಜವಾಗಿಟ್ಟರೆ ಇದು ಅಂತರ ಗಾಂಧಾರ, ಪಂಚಮ, ಕೈಶಿಕಿ ನಿಷಾದ, ಶುದ್ಧ ರಿಷಭ. ಷಡ್ಜ ಒಂದನ್ನು ಬಿಟ್ಟು ಸುತ್ತುವ ವರ್ಜ್ಯ ಪ್ರಯೋಗ ಅನ್ನಿ. ಇಡೀ ಓಟವನ್ನು ಮೂರು ಫ್ರೆಟ್ ಮೇಲೆ ಸರಿಸಿದರೂ ಅದೇ ನಾಲ್ಕು ಸ್ವರ ಸಿಗುತ್ತವೆ. ಕೈಗೆ ಸುಲಭ, ಕಿವಿಗೆ ತೀಕ್ಷ್ಣ. ಆದ್ದರಿಂದಲೇ ಅತಿ ಬಳಕೆಯಿಂದ ಸವೆದೂ ಹೋಗಿದೆ. ಪ್ರತಿ ಇ ಸೆವೆನ್ ಬಂದಾಗಲೂ ಇದನ್ನೇ ಏರುವವರನ್ನು ಕಂಡರೆ ಆ ಹಾಡು ಬಿಟ್ಟು ಮುಂದಿನದಕ್ಕೆ ಹೋಗಿ.

ಬಲಗೈಯ ನಿಯಮ ಕಟ್ಟುನಿಟ್ಟು. ಮಣಿಕಟ್ಟು ಬಾಗಿ ಗಿಟಾರಿನ ಮೈಯಿಂದ ಮೇಲೆ ತೇಲುತ್ತಿರುತ್ತದೆ. ಪಿಕ್ ಕೆಳಕ್ಕೆ ಬಂದಾಗ ಮುಂದಿನ ತಂತಿಗೆ ಒರಗಿ ನಿಲ್ಲುತ್ತದೆ. ಹೊಸ ತಂತಿಗೆ ಹೋದಾಗೆಲ್ಲ ಮೊದಲ ಪೆಟ್ಟು ಕೆಳಮುಖವೇ, ಏರುವಾಗಲೂ ಇಳಿಯುವಾಗಲೂ. ಏರುವಾಗ ಇದು ತಾನಾಗಿ ಆಗುತ್ತದೆ. ದಪ್ಪ ತಂತಿಯ ಕಡೆಗೆ ಇಳಿಯುವಾಗ ಕೈ ತಂತಿಯನ್ನು ಹಾರಿ ಮತ್ತೆ ಮೇಲಿನಿಂದ ಬರಬೇಕು, ಕಷ್ಟ ಅಲ್ಲಿದೆ. ಫ್ರಾನ್ಸಿನ ಗಿಟಾರ್ ವಾದಕ ಬಿರೆಲಿ ಲಾಗ್ರೆನ್ ಇಳಿಯುವಾಗಲೂ ಸ್ವರಗಳ ತೂಕ ಒಂದೇ ಸಮ ಇರುತ್ತದಲ್ಲ, ಅದರ ಹಿಂದಿನ ಶ್ರಮ ಇದು. ಮೈಕ್ ಇಲ್ಲದೆ ಕುಣಿತದ ಸಭಾಂಗಣಕ್ಕೆ ಕೇಳಿಸಬೇಕಾದ ವಾದ್ಯಕ್ಕೆ ಒಗ್ಗಿದ ಹೊಡೆತವಿದು. ಸಲೀಸಿಗಿಂತ ಗಾತ್ರ ಮುಖ್ಯವಾಗಿತ್ತು.

ನಿಧಾನದ ಹಾಡಿನಲ್ಲಿ ವಾದಕನ ಹೂರಣ ಇನ್ನೂ ಬೇಗ ತಿಳಿಯುತ್ತದೆ. ಯುದ್ಧ ಶುರುವಾಗಿ ಗ್ರಾಪೆಲಿ ಲಂಡನ್ನಿನಲ್ಲಿ ಉಳಿದ ಮೇಲೆ, 1940ರಲ್ಲಿ, ಜ್ಯಾಂಗೊ ಕ್ಲಾರಿನೆಟ್ ಸೇರಿಸಿಕೊಂಡು ನುಡಿಸಿದ ‘ನುವಾಜ್’ ಕೇಳಿ. ಒಂದು ಸ್ವರ ಹಿಡಿದು ಬೆರಳು ಅಲುಗಿಸುವ ಕಂಪನ, ಅರ್ಧ ಸ್ವರದಷ್ಟು ತಂತಿ ಎಳೆಯುವುದು ನಿಮಗೆ ಪರಿಚಿತ ಅನ್ನಿಸುತ್ತದೆ. ಗಮಕದ ವ್ಯಾಕರಣ ಅಲ್ಲಿಲ್ಲ, ಸ್ವರವನ್ನು ಸುಮ್ಮನೆ ಬಿಡಬಾರದೆಂಬ ಅಕ್ಕರೆ ಇದೆ. ಮೊದಲ ತಲೆಮಾರಿನ ಆ ಮೃದುತ್ವ ಬೇಕಿದ್ದರೆ ಬೆಲ್ಜಿಯಮ್ಮಿನ ಫಾಪಿ ಲಾಫರ್ಟಿನ್, ಹೊಡೆತದ ಬಿರುಸು ಬೇಕಿದ್ದರೆ ಚಾವೊಲೊ ಶ್ಮಿಟ್, ನಾದದ ಶುದ್ಧಿಗೆ ಸ್ಟೊಕೆಲೊ. ಬಿರೆಲಿ ಹದಿಮೂರನೆಯ ವಯಸ್ಸಿಗೇ, 1980ರಲ್ಲಿ, ಮೊದಲ ಆಲ್ಬಮ್ ತಂದವರು. ಮುಂದಿನ ಆವರ್ತದಲ್ಲಿ ಏನು ಮಾಡುತ್ತಾರೆಂದು ಊಹಿಸಲಾಗದ ವಾದಕರು ನಮ್ಮ ಎಣಿಕೆಯಲ್ಲಿ ಅವರೇ. ಪಿಟೀಲು ನಿಮ್ಮ ವಾದ್ಯವಾದ್ದರಿಂದ ಗ್ರಾಪೆಲಿಯನ್ನು ಬೇರೆಯಾಗಿಯೇ ಕೇಳಿ. ನಮ್ಮ ಎಲ್. ಸುಬ್ರಮಣ್ಯಂ ಅವರೊಂದಿಗೆ 1980ರ ದಶಕದಲ್ಲಿ ಅವರು ನುಡಿಸಿದ ಧ್ವನಿಮುದ್ರಣವೂ ಇದೆ.

‘ಜಿಪ್ಸಿ’ ಪದದ ಬಗ್ಗೆ ಒಂದು ಮಾತು. ಈಜಿಪ್ಟಿನವರೆಂದು ತಪ್ಪು ತಿಳಿದು ಹೊರಗಿನವರು ಇಟ್ಟ ಹೆಸರದು, ಆ ಜನರಲ್ಲಿ ಅನೇಕರಿಗೆ ಅದು ನೋಯಿಸುವ ಪದ. ಜರ್ಮನಿ, ಹಾಲೆಂಡ್ ಕಡೆಯವರು ತಮ್ಮನ್ನು ಸಿಂತಿ ಎಂದುಕೊಳ್ಳುತ್ತಾರೆ, ಫ್ರಾನ್ಸಿನವರು ಮನೂಶ್. ಅವರ ರೋಮಾನಿ ಭಾಷೆ ಉತ್ತರ ಭಾರತದ ನುಡಿಗಳ ಬಳಗದ್ದು. ಮೂಗಿಗೆ ನಾಕ್, ನೀರಿಗೆ ಪಾನಿ, ಮನೂಶ್ ಎಂದರೆ ನಮ್ಮ ಮನುಷ್ಯನೇ. ಸಂಗೀತವೂ ಇಲ್ಲಿಂದಲೇ ಹೋಯಿತೆಂದು ಹಿಗ್ಗುವುದು ಬೇಡ. ಪ್ಯಾರಿಸ್ಸಿನ ಅಕಾರ್ಡಿಯನ್ ವಾಲ್ಟ್ಸ್ ಮತ್ತು ಅಮೆರಿಕದ ಕರಿಯ ಕಲಾವಿದರ ಸ್ವಿಂಗ್ ಅವರ ಕೈಯಲ್ಲಿ ಕೂಡಿ ಆದದ್ದು ಇದು.

ಕೊನೆಗೆ ಮಗನ ಗಿಟಾರ್. ನೀವು ಬರೆದದ್ದನ್ನು ನೋಡಿದರೆ ಅದು ಅಗಲ ಹೊಟ್ಟೆಯ ಮಾಮೂಲಿ ಸ್ಟೀಲ್ ತಂತಿಯ ಗಿಟಾರ್. ಅದರ ಮಂದ್ರ ತುಂಬ ಹೊತ್ತು ಮೊಳಗುತ್ತದೆ. ಮಾರಿಯೊ ಮಕ್ಕಾಫೆರ್ರಿ ರೂಪಿಸಿ, ಪ್ಯಾರಿಸ್ಸಿನ ಸೆಲ್ಮರ್ 1932ರಿಂದ ತಯಾರಿಸಿದ ಗಿಟಾರಿನ ಸ್ವಭಾವವೇ ಬೇರೆ. ತೆಳು ಹಲಗೆ; ತಂತಿಗಳು ಕುದುರೆಯ ಮೇಲೆ ಹಾದು, ಪಿಟೀಲಿನಲ್ಲಿ ಇರುವ ಹಾಗೆ, ತುದಿಯ ಟೇಲ್‌ಪೀಸಿಗೆ ಬಿಗಿದಿರುತ್ತವೆ; ಅನಂತರದ ಮಾದರಿಗಳಲ್ಲಿ ಸಣ್ಣ ಮೊಟ್ಟೆಯಾಕಾರದ ಬಾಯಿ, 670 ಮಿಲಿಮೀಟರ್ ತಂತಿಯಳತೆ. ಸದ್ದು ಥಟ್ಟನೆ ಹುಟ್ಟಿ ಥಟ್ಟನೆ ಅಡಗುತ್ತದೆ. ‘ಚಕ್’ ಅರ್ಧ ಅಲ್ಲಿಂದ ಬರುತ್ತದೆ. ಉಳಿದರ್ಧ ಎಡಗೈ ಸಡಿಲಿಸುವುದರಿಂದ, ಅದು ಯಾವ ಗಿಟಾರಿನಲ್ಲಾದರೂ ಸಾಧ್ಯ.

ಮೊಣಕೈ ನೋವಿಗೆ ಹೆಚ್ಚಾಗಿ ಎರಡು ಕಾರಣ. ತೋಳಿನ ಬಲದಿಂದ ಮೇಲೆ ಕೆಳಗೆ ಕುಟ್ಟುವುದು ಒಂದು. ಕೈ ತೊಳೆದ ಮೇಲೆ ನೀರು ಕೊಡವುವಾಗ ಮುಂಗೈ ತಿರುಗುತ್ತದಲ್ಲ, ಚಲನೆ ಅದೇ ಇರಬೇಕು. ತೆಳು ಪಿಕ್ ಇನ್ನೊಂದು. 1 ಮಿಲಿಮೀಟರಿನದು ಬಾಗುತ್ತದೆ, ಬಾಗಿದ್ದನ್ನು ಸರಿದೂಗಿಸಲು ಕೈ ಇನ್ನಷ್ಟು ಬಿಗಿಯುತ್ತದೆ. 2.5ರಿಂದ 3.5 ಮಿಲಿಮೀಟರ್ ದಪ್ಪದ, ತುದಿ ಕೊಂಚ ದುಂಡಗಿರುವ ಪಿಕ್ ಕೊಡಿಸಿ, ಅದನ್ನು ಬಿಗಿಯಾಗಿ ಹಿಡಿಯದಂತೆ ಹೇಳಿ. ತಾಳದ ಟಿಕ್ ಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕಿಟ್ಟು, ಪ್ರತಿ ಟಿಕ್ಕನ್ನು 2 ಮತ್ತು 4 ಎಂದು ಎಣಿಸಲಿ. ಹಾಡಿನ ವೇಗ 120 ಆಯಿತು. ಮೊದಲ ವಾರ ಕಾರ್ಡ್ ಬೇಡ, ಎಡಗೈಯನ್ನು ತಂತಿಗಳ ಮೇಲೆ ಹಗುರವಾಗಿಟ್ಟು ಬರೀ ಸತ್ತ ಸದ್ದಿನಲ್ಲಿ ಐದು ನಿಮಿಷ, ವಿಶ್ರಾಂತಿ, ಮತ್ತೆ ಐದು ನಿಮಿಷ. ನೋವು ಬಂದರೆ ಆ ದಿನಕ್ಕೆ ಅಷ್ಟೇ. ಹೀಗೆ ಮಾಡಿಯೂ ವಾರಗಟ್ಟಲೆ ನೋವು ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಸೆಲ್ಮರ್ ವಾದಕರು ಫ್ರೆಟ್ಟಿನಿಂದ ತಂತಿಯ ಎತ್ತರವನ್ನು 12ನೇ ಫ್ರೆಟ್ಟಿನಲ್ಲಿ 3 ಮಿಲಿಮೀಟರಿನಷ್ಟು ಇಡುತ್ತಾರೆಂದು ಓದಿ ಅವನೂ ಎತ್ತರಿಸಿದರೆ ನೋವು ಹೆಚ್ಚಾಗುತ್ತದೆ; ಈಗ ಬೇಡ. 12ರ ದಪ್ಪದ ತಂತಿ ಸೆಟ್ ಹಾಕಿದ್ದರೆ ಇನ್ನೂ ತೆಳುವಾದ 11ರದ್ದಕ್ಕೋ 10ರದ್ದಕ್ಕೋ ಇಳಿಯಲಿ. ಈ ಶೈಲಿಯವರು ಬಯಸುವ, ತಾಮ್ರಕ್ಕೆ ಬೆಳ್ಳಿ ಲೇಪಿಸಿದ ತಂತಿಗಳನ್ನು ತರಿಸುವುದಾದರೆ ಬಾಲ್ ಎಂಡ್ (ತುದಿಯಲ್ಲಿ ಗುಂಡಿರುವುದು) ಎಂದೇ ಕೇಳಿ. ಲೂಪ್ ಎಂಡ್ (ತುದಿಯಲ್ಲಿ ಕುಣಿಕೆಯಿರುವುದು) ಟೇಲ್‌ಪೀಸಿಗೆಂದು ಮಾಡಿದ್ದು, ಅವನ ಗಿಟಾರಿನ ಪಿನ್ನಿನಲ್ಲಿ ನಿಲ್ಲುವುದಿಲ್ಲ.

— ಸಂಪಾದಕರು