ಸ್ವಯಂಸೇವಕರ ದುಡಿಮೆಗೆ ಬೆಲೆ ಕಟ್ಟುವ ಬಗೆ

ಶಹಾಪುರದ ನಿಮ್ಮ ಸಂಜೆ ಶಾಲೆಗೆ ನೆರವು ಕೋರಿದ ಅರ್ಜಿಯನ್ನು ದಾನಿ ಸಂಸ್ಥೆ ಹಿಂದಿರುಗಿಸಿದ್ದೇಕೆ ಎಂದು ಕೇಳಿದ್ದೀರಿ. ಸ್ವಯಂಸೇವಕರ ಶ್ರಮವನ್ನು ನಗದು ದೇಣಿಗೆಯ ಸಾಲಿನಲ್ಲೇ ಸೇರಿಸಿದ್ದು ಕಾರಣವಾಗಿರಬಹುದು. ಯಾದಗಿರಿಯಲ್ಲಿ ನಾವೂ ಇದೇ ತಪ್ಪು ಮಾಡಿ ತಿದ್ದಿಕೊಂಡಿದ್ದೇವೆ. ಮೊದಲು ಹಾಜರಿ ಪುಸ್ತಕದಲ್ಲಿ ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ ಬರೆಸಿ ಅಂದಂದೇ ಸಹಿ ಹಾಕಿಸಿಕೊಳ್ಳಿ. ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ತುಂಬಿದ ಪುಟ ನೋಡಿದೊಡನೆ ಗೊತ್ತಾಗುತ್ತದೆ. ಬಳಿಕ, ಅದೇ ಕೆಲಸಕ್ಕೆ ನಿಮ್ಮ ಊರಿನಲ್ಲಿ ಕೊಡುವ ಸಂಬಳದಿಂದ ಗಂಟೆಯ ದರ ಹಿಡಿಯಿರಿ: ನಾಲ್ವರು ವಾರಕ್ಕೆ 3 ದಿನ, ದಿನಕ್ಕೆ 2 ಗಂಟೆಯಂತೆ 40 ವಾರ ಪಾಠ ಮಾಡಿದರೆ 960 ಗಂಟೆ, ದರ ₹100 ಎಂದಿಟ್ಟುಕೊಂಡರೆ ₹96,000. (ವೈದ್ಯರೇ ಬಂದು ಕಸ ಗುಡಿಸಿದರೂ ಗುಡಿಸುವವರ ಕೂಲಿಯೇ ಲೆಕ್ಕ.) ಈ ಮೊತ್ತವನ್ನು ‘ಶ್ರಮ ಕೊಡುಗೆ’ ಎಂದು ಪ್ರತ್ಯೇಕವಾಗಿ ತೋರಿಸಿ. ಅದನ್ನು ನಿಮ್ಮ ಪಾಲಿನ ಹಣವೆಂದು, ಅಂದರೆ ಒಟ್ಟು ವೆಚ್ಚದಲ್ಲಿ ನೀವು ಭರಿಸುವ ಭಾಗವೆಂದು, ಒಪ್ಪುವುದು ದಾನಿಯ ನಿಯಮಕ್ಕೆ ಬಿಟ್ಟದ್ದಾದ್ದರಿಂದ, ಮರಳಿ ಸಲ್ಲಿಸುವ ಮೊದಲು ಪತ್ರ ಬರೆದು ಕೇಳಿಕೊಳ್ಳಿ.